ಯಾರಿಗೆ ಏನು ಗೊತ್ತಿರಬಾರದು

ಎಂಜಿನಿಯರಿಂಗ್ ಅಥವಾ ಬಿಸಿಎ ಮುಗಿಸಿ ಬಂದವರನ್ನು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂದರೇನು ಎಂದು ಕೇಳಿದರೆ ಉತ್ತರ ತಡವಾಗುವುದಿಲ್ಲ. ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ನಾಲ್ಕೂ ಬಾಯಿಪಾಠವಾಗಿರುತ್ತವೆ. ಕ್ಲಾಸ್ ಎಂದರೆ ಆಬ್ಜೆಕ್ಟ್‌ಗಳನ್ನು, ಅಂದರೆ ಮಾಹಿತಿಯನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಹಿಡಿದ ತುಂಡುಗಳನ್ನು, ಮಾಡುವ ಅಚ್ಚು. ಪ್ರಾಣಿ ಎಂಬ ಕ್ಲಾಸ್, ಅದರ ಮಕ್ಕಳಾಗಿ ನಾಯಿ ಮತ್ತು ಬೆಕ್ಕು. ಒಂದು ಬೊಗಳುತ್ತದೆ, ಇನ್ನೊಂದು ಮಿಯಾಂವ್ ಎನ್ನುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಸರ್ವರ್‌ನಲ್ಲಿ ನಾಯಿಯೂ ಇಲ್ಲ, ಬೆಕ್ಕೂ ಇಲ್ಲ. ಯಾರದೋ ಮೊಬೈಲಿನಿಂದ ಒಂದು ರಿಕ್ವೆಸ್ಟ್ ಬರುತ್ತದೆ. ಡೇಟಾಬೇಸಿನಿಂದ ನಾಲ್ಕು ಸಾಲು ಓದಬೇಕು, ಒಂದು ಲೆಕ್ಕ ಮಾಡಬೇಕು, ಎರಡು ಸಾಲು ಬರೆಯಬೇಕು, ಉತ್ತರ ಕಳುಹಿಸಬೇಕು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಷ್ಟರ ನಡುವೆ ಆಬ್ಜೆಕ್ಟ್‌ಗಳಿಗೆ ಏನು ಕೆಲಸ?

ವೆಬ್ ಸರ್ವರ್‌ಗಳಿಗೆ ಪ್ರೋಗ್ರಾಂ ಬರೆಯುವ ಪಿಎಚ್‌ಪಿ ಭಾಷೆಯನ್ನೇ ನಂಬಿ ಬದುಕುತ್ತಿರುವವನು ನಾನು. ಹೊಸದಾಗಿ ಕೆಲಸಕ್ಕೆ ಸೇರುವವರ ಜೊತೆ ಕುಳಿತು ಕೋಡ್ ಓದುವುದು ನನ್ನ ಕೆಲಸದ ಭಾಗ, ನನಗೆ ಅತ್ಯಂತ ಇಷ್ಟವಾದ ಭಾಗವೂ ಹೌದು. ಅವರು ಕೇಳುವುದು ಒಂದೇ: "ಬೇಸಿಕ್ ಗೊತ್ತು ಸರ್, ಅಡ್ವಾನ್ಸ್ಡ್ ಕಲಿಯಬೇಕು." ಅಡ್ವಾನ್ಸ್ಡ್ ಎಂದರೆ ಅವರ ಮನಸ್ಸಿನಲ್ಲಿ ಇರುವುದು ಟ್ರೇಟ್, ಕ್ಲೋಷರ್, ರಿಫ್ಲೆಕ್ಷನ್, ಇನ್ನಷ್ಟು ವ್ಯಾಕರಣ. ಭಾಷೆಯ ಇಂಥ ಸೌಲಭ್ಯಗಳನ್ನು ಒಂದು ವಾರಾಂತ್ಯದಲ್ಲಿ ಓದಿ ಮುಗಿಸಬಹುದು. ಬಹಳ ಕಾಲ ಹಿಡಿಯುವುದು ಬೇರೆಯದು. ಪ್ರೋಗ್ರಾಮಿನ ಯಾವ ಭಾಗಕ್ಕೆ ಏನು ಗೊತ್ತಿರಬೇಕು, ಅದಕ್ಕಿಂತ ಮುಖ್ಯವಾಗಿ, ಏನು ಗೊತ್ತಿರಬಾರದು ಎಂದು ನಿರ್ಧರಿಸುವುದು. ನನ್ನ ಮಟ್ಟಿಗೆ ಮುಂದಿನ ಹಂತದ ಕಲಿಕೆ ಎಂದರೆ ಇದೊಂದೇ, ಉಳಿದದ್ದೆಲ್ಲ ಇದಕ್ಕೆ ಸಲಕರಣೆ.

ಈ ಮಾತು ಹೊಸದಲ್ಲ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಪ್ರೋಗ್ರಾಮನ್ನು ಕೆಲಸ ನಡೆಯುವ ಕ್ರಮಕ್ಕೆ ತಕ್ಕಂತೆ ತುಂಡು ಮಾಡಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ತುಂಡಿನೊಳಗೆ ಬಚ್ಚಿಡಿ ಎಂಬುದು ಅವರ ವಾದದ ತಿರುಳು. ಕ್ಲಾಸ್ ಎಂಬ ಕಲ್ಪನೆ ಅದಕ್ಕಿಂತ ಮೊದಲೇ ಬಂದಿತ್ತು. ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಸಿಮುಲಾ 67 ಭಾಷೆಯನ್ನು ಕಟ್ಟಿದಾಗ ಅವರಿಗೆ ಬೇಕಾಗಿದ್ದದ್ದು ಹೊರಗಿನ ಪ್ರಪಂಚದ ಅನುಕರಣೆ: ಸಾಲಿನಲ್ಲಿ ಕಾಯುವವರು, ಸೇವೆ ಕೊಡುವ ಯಂತ್ರಗಳು, ಅವುಗಳ ನಡುವೆ ಹರಿಯುವ ಸಮಯ. ಅಲ್ಲಿ ಆಬ್ಜೆಕ್ಟ್‌ಗೆ ದೀರ್ಘಾಯುಷ್ಯ. ಪ್ರೋಗ್ರಾಂ ಓಡುವಷ್ಟು ಹೊತ್ತೂ ಅದು ಬದುಕಿರುತ್ತದೆ, ಸ್ಥಿತಿ ಬದಲಿಸುತ್ತದೆ. ನಮ್ಮ ಪಠ್ಯದ ನಾಯಿ ಬೆಕ್ಕುಗಳು ಆ ಪರಂಪರೆಯ ಮಕ್ಕಳು. ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಹೆಸರನ್ನು ಕೊಟ್ಟ ಅಲನ್ ಕೇ 1998ರಲ್ಲಿ ಬರೆಯುತ್ತಾ, ಆ ಹೆಸರಿನಿಂದಾಗಿ ಜನರ ಗಮನ ಸಣ್ಣ ವಿಷಯದ ಕಡೆ ಹೋಯಿತು, ದೊಡ್ಡ ವಿಷಯ ಇರುವುದು ಸಂದೇಶಗಳಲ್ಲಿ ಎಂದು ವಿಷಾದ ವ್ಯಕ್ತಪಡಿಸಿದರು. ಯಾವ ವಸ್ತು ಇದೆ ಎನ್ನುವುದಕ್ಕಿಂತ ಒಂದು ಇನ್ನೊಂದಕ್ಕೆ ಏನು ಹೇಳುತ್ತದೆ ಎನ್ನುವುದು ಮುಖ್ಯ. ಸರ್ವರ್ ಪ್ರೋಗ್ರಾಂ ಬರೆಯುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾತು ನನಗೆ ಬೇರೆ ಸಿಕ್ಕಿಲ್ಲ.

ಪಿಎಚ್‌ಪಿ ಈ ಪರಂಪರೆಗೆ ಹಿತ್ತಿಲ ಬಾಗಿಲಿನಿಂದ ಬಂದ ಭಾಷೆ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ವೆಬ್ ಪುಟಕ್ಕಾಗಿ ಬರೆದುಕೊಂಡಿದ್ದ ಸಲಕರಣೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಆಂಡಿ ಗಟ್ಮನ್ಸ್ ಮತ್ತು ಝೀವ್ ಸುರಾಸ್ಕಿ ಅದನ್ನು ಬುಡದಿಂದ ತಿರುಗಿ ಬರೆದು 1998ರಲ್ಲಿ ಮೂರನೆಯ ಆವೃತ್ತಿಯಾಗಿ ತಂದರು. ಕ್ಲಾಸ್ ಎಂಬುದು ಬಂದಿತಾದರೂ ಬೆನ್ನೆಲುಬು ಇರಲಿಲ್ಲ. ನಾಲ್ಕನೆಯ ಆವೃತ್ತಿಯಲ್ಲೂ ಒಂದು ಆಬ್ಜೆಕ್ಟನ್ನು ಫಂಕ್ಷನ್ನಿಗೆ (ಒಂದು ಕೆಲಸ ಮಾಡುವ ಕೋಡಿನ ತುಂಡಿಗೆ) ಕೊಟ್ಟರೆ ಒಳಗೆ ಹೋಗುತ್ತಿದ್ದದ್ದು ಅದರ ನಕಲು. ಒಳಗೆ ಮಾಡಿದ ಬದಲಾವಣೆ ಹೊರಗಿನ ಪ್ರತಿಗೆ ತಲುಪುತ್ತಿರಲಿಲ್ಲ. 2004ರ ಐದನೆಯ ಆವೃತ್ತಿ ಇದನ್ನು ಬದಲಿಸಿತು. ಆಬ್ಜೆಕ್ಟಿಗೆ ತನ್ನದೇ ಗುರುತು ಬಂತು, ಜೊತೆಗೆ ಹೊರಗಿನವರು ಮುಟ್ಟದಂತೆ ತಡೆಯುವ ಪ್ರೈವೇಟ್, ಏನು ಮಾಡಿಕೊಡಬೇಕೆಂದು ಮಾತ್ರ ಹೇಳಿ ಹೇಗೆ ಎಂಬುದನ್ನು ಕ್ಲಾಸಿಗೆ ಬಿಡುವ ಇಂಟರ್‌ಫೇಸ್, ತಪ್ಪಾದಾಗ ಕೆಲಸ ನಿಲ್ಲಿಸಿ ದೋಷ ತಿಳಿಸುವ ಎಕ್ಸೆಪ್ಷನ್ ಬಂದವು. ಹಳೆಯ ನಡವಳಿಕೆಯನ್ನು ಈಗ ನೆನೆದು ಎಲ್ಲರೂ ತಲೆ ಕೊಡವುತ್ತಾರೆ. ನನಗೆ ಮಾತ್ರ ಆ ಎರಡು ನಡವಳಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಒಂದು ಮೂಲಭೂತ ಭೇದ ಸ್ಪಷ್ಟವಾದದ್ದು. ಕೆಲವು ಸಂಗತಿಗಳಿಗೆ ಗುರುತು ಮುಖ್ಯ: ಒಬ್ಬ ಸದಸ್ಯರ ವಿಳಾಸ ಬದಲಾದರೂ ಅವರು ಅದೇ ಸದಸ್ಯರು. ಇನ್ನು ಕೆಲವಕ್ಕೆ ಮೌಲ್ಯವೇ ಸರ್ವಸ್ವ: ನೂರು ರೂಪಾಯಿ ಎಂದರೆ ನೂರು ರೂಪಾಯಿ, ಯಾವ ನೂರು ಎಂದು ಯಾರೂ ಕೇಳುವುದಿಲ್ಲ. ಮೊದಲನೆಯದನ್ನು ಎಂಟಿಟಿ, ಎರಡನೆಯದನ್ನು ವ್ಯಾಲ್ಯೂ ಆಬ್ಜೆಕ್ಟ್ ಎಂದು ಕರೆಯುವುದು ರೂಢಿ. ಎಂಟಿಟಿಗಳನ್ನು ಎಲ್ಲರೂ ಬರೆಯುತ್ತಾರೆ, ಏಕೆಂದರೆ ಡೇಟಾಬೇಸಿನ ಟೇಬಲ್ ಕಣ್ಣ ಮುಂದೆಯೇ ಇರುತ್ತದೆ. ವ್ಯಾಲ್ಯೂ ಆಬ್ಜೆಕ್ಟ್ ಬರೆಯುವ ಅಭ್ಯಾಸ ಬಂದವರ ಕೋಡ್ ನೋಡಿದ ಕೂಡಲೇ ಬೇರೆಯಾಗಿ ಕಾಣುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೆ ಹಿಂದೆ ಯಾರೋ ಬರೆದುಕೊಟ್ಟಿದ್ದ ವೆಬ್ ಅಪ್ಲಿಕೇಶನ್ ನಮ್ಮ ಕೈಗೆ ಬಂದಿತ್ತು. ವಹಿವಾಟು ಹೀಗೆ: ಬೆಳೆಗಾರರು ಚೀಲಗಳನ್ನು ತಂದು ಇಳಿಸುತ್ತಾರೆ, ತೂಕವಾಗುತ್ತದೆ, ರಾಶಿಯೋ ಬೆಟ್ಟೆಯೋ ಗೊರಬಲೋ ಸರಕೋ ಎಂದು ಬಗೆ ನಮೂದಾಗಿ ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಟೆಂಡರ್ ಬರೆಯುತ್ತಾರೆ, ಹೆಚ್ಚು ದರ ಬರೆದವರಿಗೆ ಲಾಟ್ ಹೋಗುತ್ತದೆ. ಸಂಜೆಗೆ ಬಿಲ್ಲು: ತೂಕವನ್ನು ದರಕ್ಕೆ ಗುಣಿಸಿ, ಹಮಾಲಿ, ಸಂಘದ ಕಮಿಷನ್, ಬೆಳೆಸಾಲದ ಕಂತು ಕಳೆದು ಉಳಿದದ್ದನ್ನು ಬೆಳೆಗಾರರ ಖಾತೆಗೆ ಜಮಾ ಮಾಡುವುದು. ಇಷ್ಟೂ ಒಂದೇ ಉದ್ದನೆಯ ಫಂಕ್ಷನ್ನಿನಲ್ಲಿತ್ತು. ಹಣವೂ ತೂಕವೂ ದಶಮಾಂಶ ಸಂಖ್ಯೆಗಳು, ಅಂದರೆ ಫ್ಲೋಟ್.

ಫ್ಲೋಟ್ ಎಂಬುದು ಹಣಕ್ಕೆ ಹೇಳಿ ಮಾಡಿಸಿದ್ದಲ್ಲ. ಕಂಪ್ಯೂಟರ್ ಅದನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ, ಹತ್ತನೆಯ ಒಂದು ಭಾಗವನ್ನು ಆ ಲೆಕ್ಕದಲ್ಲಿ ಪೂರ್ತಿಯಾಗಿ ಬರೆಯಲು ಬರುವುದಿಲ್ಲ. ಪಿಎಚ್‌ಪಿಯಲ್ಲಿ 0.1ಕ್ಕೆ 0.7 ಕೂಡಿಸಿ, ಹತ್ತರಿಂದ ಗುಣಿಸಿ, ಪೂರ್ಣಾಂಕಕ್ಕೆ ಇಳಿಸಿದರೆ 8 ಬರುವುದಿಲ್ಲ, 7 ಬರುತ್ತದೆ. ಪಿಎಚ್‌ಪಿಯ ಅಧಿಕೃತ ಕೈಪಿಡಿಯೇ ಈ ಲೆಕ್ಕವನ್ನು ಕೊಟ್ಟು ಎಚ್ಚರಿಸುತ್ತದೆ. ಆದರೆ ಸಂಘದಲ್ಲಿ ಕಣ್ಣಿಗೆ ಬಿದ್ದ ತೊಂದರೆ ಇನ್ನೂ ಸರಳವಾದದ್ದು. ಒಂದು ಲಾಟ್ 63 ಕಿಲೋ 400 ಗ್ರಾಂ, ದರ ಕ್ವಿಂಟಾಲಿಗೆ 47,199 ರೂಪಾಯಿ ಎಂದುಕೊಳ್ಳಿ. ಗುಣಿಸಿದರೆ 29,924.166. ಬಿಲ್ಲು ಮುದ್ರಿಸುವ ಪುಟ ಇದನ್ನು ಹತ್ತಿರದ ರೂಪಾಯಿಗೆ ಸರಿಹೊಂದಿಸುತ್ತಿತ್ತು, ಖಾತೆಗೆ ಬರೆಯುವ ಕೋಡ್ ಪೈಸೆಗೆ ಸರಿಹೊಂದಿಸುತ್ತಿತ್ತು, ತಿಂಗಳ ವರದಿ ಏನನ್ನೂ ಸರಿಹೊಂದಿಸದೆ ಕೂಡಿಸುತ್ತಿತ್ತು. ಮೂರು ಕಡೆ ಮೂರು ಮೊತ್ತ. ಲೆಕ್ಕ ನೋಡಿಕೊಳ್ಳುವ ಗುಮಾಸ್ತರು ಮೂರೂ ಕಾಗದಗಳನ್ನು ಮೇಜಿನ ಮೇಲೆ ಹರಡಿ ಕೇಳಿದ್ದರು: "ಮಾರಾಯರೇ, ಇದರಲ್ಲಿ ನಾನು ಯಾವುದಕ್ಕೆ ಸಹಿ ಹಾಕಬೇಕು?" ವ್ಯತ್ಯಾಸ ಕೆಲವೇ ರೂಪಾಯಿಗಳದ್ದು. ಆದರೆ ಸಹಕಾರ ಸಂಘದಲ್ಲಿ ಆಡಿಟ್ ಇರುತ್ತದೆ, ಅದಕ್ಕಿಂತ ಹೆಚ್ಚಾಗಿ ವರ್ಷವಿಡೀ ತೋಟದಲ್ಲಿ ದುಡಿದು ಬಂದವರ ನಂಬಿಕೆ ಇರುತ್ತದೆ.

ಎಲ್ಲ ಕಡೆ ಒಂದೇ ರೀತಿ ಸರಿಹೊಂದಿಸುವ ಸಾಲನ್ನು ಹಾಕಿ ಮುಗಿಸಬಹುದಿತ್ತು. ಅದು ಇಂದಿನ ಮೂರು ಕಡೆಗಳಿಗೆ ಸರಿ. ನಾಳೆ ನಾಲ್ಕನೆಯ ಪುಟ ಬರೆಯುವವರಿಗೆ ಅದು ಗೊತ್ತಿರುವುದಿಲ್ಲ. ಆದ್ದರಿಂದ ಮೊತ್ತ ಎಂಬ ಕ್ಲಾಸ್ ಬಂತು. ಅದರೊಳಗೆ ಪೈಸೆಗಳ ಪೂರ್ಣಾಂಕ ಒಂದೇ. ತೂಕ ಎಂಬ ಕ್ಲಾಸ್, ಒಳಗೆ ಗ್ರಾಂಗಳ ಪೂರ್ಣಾಂಕ. ದರ ಎಂಬ ಕ್ಲಾಸ್, ಒಳಗೆ ಕ್ವಿಂಟಾಲಿಗೆ ಇಷ್ಟು ಪೈಸೆ. ದರಕ್ಕೆ ಮಾತ್ರ ಒಂದು ಮೆಥಡ್, ಅಂದರೆ ಕ್ಲಾಸಿನೊಳಗಿನ ಫಂಕ್ಷನ್: ತೂಕ ಕೊಟ್ಟರೆ ಮೊತ್ತ ಕೊಡುತ್ತದೆ. 47,19,900 ಪೈಸೆಯನ್ನು 63,400 ಗ್ರಾಂಗೆ ಗುಣಿಸಿ, ಒಂದು ಲಕ್ಷದಿಂದ ಭಾಗಿಸಿ, ಕೊನೆಯಲ್ಲಿ ಒಂದೇ ಒಂದು ಸಲ ಪೈಸೆಗೆ ಸರಿಹೊಂದಿಸಿದರೆ 29,92,417 ಪೈಸೆ. ಸರಿಹೊಂದಿಸುವ ನಿಯಮ ಇಡೀ ಪ್ರೋಗ್ರಾಮಿನಲ್ಲಿ ಈ ಒಂದು ಜಾಗಕ್ಕೆ ಗೊತ್ತು. ಬಿಲ್ಲಿನ ಪುಟಕ್ಕೆ ಗೊತ್ತಿಲ್ಲ, ವರದಿಗೆ ಗೊತ್ತಿಲ್ಲ, ಅವುಗಳಿಗೆ ಗೊತ್ತಿರಲೂಬಾರದು. ನಿಯಮ ಬದಲಾಗಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದರೆ ತಿದ್ದಬೇಕಾದ್ದು ಒಂದು ಸಾಲು.

ಇಲ್ಲಿ ಭಾಷೆಯ ಹೊಸ ಸೌಲಭ್ಯಗಳಿಗೆ ನಿಜವಾದ ಬೆಲೆ ಬರುತ್ತದೆ. ಫಂಕ್ಷನ್ ಒಂದಕ್ಕೆ ಮೊತ್ತವೇ ಬೇಕು ಎಂದು ಕ್ಲಾಸ್ ಹೆಸರನ್ನು ಕೇಳಿಬಿಟ್ಟರೆ, ತೂಕ ಕೊಟ್ಟವರಿಗೆ ಆ ಕ್ಷಣದಲ್ಲೇ ದೋಷ ಎದುರಾಗುತ್ತದೆ. 2015ರ ಡಿಸೆಂಬರಿನಲ್ಲಿ ಬಂದ ಏಳನೆಯ ಆವೃತ್ತಿಯಿಂದ ಪೂರ್ಣಾಂಕ, ಸ್ಟ್ರಿಂಗ್ (ಅಕ್ಷರಗಳ ಸಾಲು) ಮುಂತಾದವಕ್ಕೂ, ಹಿಂದಿರುಗಿಸುವ ಮೌಲ್ಯಕ್ಕೂ ಇಂಥ ಕಟ್ಟುಪಾಡು ಹಾಕಬಹುದು. 2021ರ 8.1ರಲ್ಲಿ ರೀಡ್‌ಓನ್ಲಿ ಬಂತು, ಎನಮ್ (ಇಷ್ಟೇ ಬಗೆಗಳು ಎಂದು ಗೊತ್ತುಮಾಡಿದ ಪಟ್ಟಿ) ಬಂತು. ರೀಡ್‌ಓನ್ಲಿ ಎಂದರೆ ಕನ್‌ಸ್ಟ್ರಕ್ಟರ್‌ನಲ್ಲಿ, ಅಂದರೆ ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್‌ನಲ್ಲಿ, ಒಮ್ಮೆ ಇಟ್ಟ ಪೈಸೆಯನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ. ಕೂಡಿಸಿದರೆ ಹೊಸ ಮೊತ್ತವೇ ಹುಟ್ಟುತ್ತದೆ. ಅಡಿಕೆಯ ಬಗೆಗಳನ್ನು ಎನಮ್ ಆಗಿ ಬರೆದ ಮೇಲೆ ರಾಶಿಯನ್ನು ಮೂರು ತರಹದ ಕಾಗುಣಿತದಲ್ಲಿ ಬರೆದು ಮೂರು ಬಗೆ ಮಾಡುವ ದಾರಿ ಮುಚ್ಚಿಹೋಯಿತು. ಸೌಲಭ್ಯವನ್ನು ಮೊದಲು ಕಲಿತು ಅದಕ್ಕೆ ಕೆಲಸ ಹುಡುಕುವವರಿಗೆ ಇವು ಸಪ್ಪೆಯಾಗಿ ಕಾಣಬಹುದು. ಮೊತ್ತ ಒಂದಾಗಲಿಲ್ಲವೆಂದು ಸಂಕಟಪಟ್ಟವರ ಕೈಗೆ ಕೊಟ್ಟು ನೋಡಿ.

ಇನ್ನು ಕಡಿತಗಳು. ಹಳೆಯ ಕೋಡಿನಲ್ಲಿ ಸದಸ್ಯರಾದರೆ ಹೀಗೆ, ಅಲ್ಲದಿದ್ದರೆ ಹಾಗೆ, ಸಾಲ ಇದ್ದರೆ ಇನ್ನೊಂದು ಹಾಗೆ ಎಂಬ ಶರತ್ತುಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಪಠ್ಯಪುಸ್ತಕದ ಉತ್ತರ ತಟ್ಟನೆ ಹೊಳೆಯುತ್ತದೆ: ಕಡಿತ ಎಂಬ ಇಂಟರ್‌ಫೇಸ್, ಹಮಾಲಿ, ಕಮಿಷನ್, ಸಾಲದ ಕಂತು ಒಂದೊಂದೂ ಒಂದು ಕ್ಲಾಸ್, ಒಂದೇ ಮೆಥಡ್. ಸರಿಯೇ. ಆದರೆ ಆ ಮೆಥಡ್‌ಗೆ ಕೊಡಬೇಕಾದ್ದು ಏನು? ಒಟ್ಟು ಮೊತ್ತವೇ, ಉಳಿದ ಮೊತ್ತವೇ? ಇದನ್ನು ಕೋಡ್ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಗುಮಾಸ್ತರನ್ನೇ ಕೇಳಬೇಕಾಯಿತು. ಹಮಾಲಿ ಚೀಲಕ್ಕೆ ಇಷ್ಟು, ಮೊತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಕಮಿಷನ್ ಒಟ್ಟು ಮೊತ್ತದ ಮೇಲೆ. ಸಾಲದ ಕಂತು ಮಾತ್ರ ಎಲ್ಲ ಕಳೆದ ಮೇಲೆ ಉಳಿದದ್ದರಲ್ಲಿ, ಅದೂ ಉಳಿದದ್ದಕ್ಕಿಂತ ಹೆಚ್ಚಾಗುವಂತಿಲ್ಲ. ಕಡಿಮೆ ಬಿದ್ದರೆ ಬಾಕಿ ಮುಂದಿನ ಲಾಟಿಗೆ. ಹಾಗಾದರೆ ಹಮಾಲಿ, ಕಮಿಷನ್ನುಗಳ ಕ್ರಮ ಹೇಗಿದ್ದರೂ ನಡೆಯುತ್ತದೆ, ಸಾಲದ್ದು ನಡೆಯುವುದಿಲ್ಲ. ಅಂದಮೇಲೆ ಮೂರನ್ನೂ ಒಂದೇ ಇಂಟರ್‌ಫೇಸಿನೊಳಗೆ ತುರುಕುವುದು ಸರಿಯಲ್ಲ. ಮೊದಲೆರಡು ಖರ್ಚು, ಮೂರನೆಯದು ಪಾವತಿ. ಸಂಘದ ಲೆಕ್ಕದ ಪುಸ್ತಕದಲ್ಲೂ ಅವು ಬೇರೆ ಬೇರೆ ಶೀರ್ಷಿಕೆಗಳೇ. ಅಂದು ಸಂಜೆ ಆ ಭೇದ ಬಿಳಿ ಹಲಗೆಯ ಮೇಲೆ ಮೂಡಿದಾಗ ನನ್ನ ಜೊತೆಗಿದ್ದ ಹುಡುಗಿಯ ಮುಖದಲ್ಲಿ ಬಂದ ಬೆಳಕು ನನಗೆ ಈಗಲೂ ಖುಷಿ ಕೊಡುತ್ತದೆ. ಕ್ಲಾಸ್‌ಗಳು ಕೀಬೋರ್ಡಿನಿಂದ ಹುಟ್ಟುವುದಿಲ್ಲ, ವಿಷಯ ಬಲ್ಲವರನ್ನು ಸರಿಯಾಗಿ ಪ್ರಶ್ನಿಸಿದಾಗ ಹುಟ್ಟುತ್ತವೆ ಎಂದು ನಾನು ಎಷ್ಟು ಸಲ ಹೇಳಿದ್ದರೂ ಆ ಒಂದು ಸಂಜೆಗೆ ಸಮವಾಗುತ್ತಿರಲಿಲ್ಲ.

ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನಿಂದ ಮಗು ಕ್ಲಾಸನ್ನು ಹುಟ್ಟಿಸುವುದರ ಬಗ್ಗೆ ನನ್ನ ನಿಲುವು ಕಟುವಾದದ್ದು. ಮೊದಲ ವರ್ಷ ಅದನ್ನು ಮುಟ್ಟದೆ ಬರೆಯಿರಿ ಎಂದೇ ಹೊಸಬರಿಗೆ ಹೇಳುತ್ತೇನೆ. ಅದೇ ಅಪ್ಲಿಕೇಶನ್ನಿನಲ್ಲಿ ಸದಸ್ಯ ಎಂಬ ಕ್ಲಾಸಿನಿಂದ ನಾಮಮಾತ್ರ ಸದಸ್ಯ ಎಂಬ ಕ್ಲಾಸ್ ಹುಟ್ಟಿತ್ತು. ಹೆಸರಿನಲ್ಲೇ ಸದಸ್ಯ ಎಂದಿದೆಯಲ್ಲ, ಮಗುವಾಗಿರಬೇಕಾದ್ದೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ನಾಮಮಾತ್ರ ಸದಸ್ಯರಿಗೆ ಲಾಭಾಂಶವಿಲ್ಲ, ಹಾಗಾಗಿ ಆ ಮೆಥಡ್ ಕರೆದರೆ ಎಕ್ಸೆಪ್ಷನ್ ಎಸೆಯುತ್ತಿತ್ತು. ಎಲ್ಲ ಸದಸ್ಯರ ಪಟ್ಟಿಯ ಮೇಲೆ ಲಾಭಾಂಶದ ಲೆಕ್ಕ ಓಡಿಸಿದರೆ ಇಂಥ ಮೊದಲ ಹೆಸರಿಗೆ ಬಂದು ನಿಲ್ಲುತ್ತಿತ್ತು. ನಿಲ್ಲದಿರಲೆಂದು, ಇವರು ನಾಮಮಾತ್ರವೇ ಎಂದು ಮೊದಲು ವಿಚಾರಿಸುವ ಸಾಲುಗಳು ಅಲ್ಲಲ್ಲಿ ಹುಟ್ಟಿಕೊಂಡಿದ್ದವು. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣದಲ್ಲಿ ಮುಂದಿಟ್ಟು, 1994ರಲ್ಲಿ ಜೆನೆಟ್ ವಿಂಗ್ ಅವರೊಂದಿಗೆ ಗಣಿತದ ಬಿಗಿಯಲ್ಲಿ ಬರೆದ ತತ್ವ ಇದನ್ನೇ ಕುರಿತದ್ದು: ಮೂಲ ಕ್ಲಾಸನ್ನು ನಂಬಿ ಬರೆದ ಕೋಡ್, ಅದರ ಜಾಗದಲ್ಲಿ ಮಗು ಬಂದು ಕುಳಿತರೂ ಅದೇ ನಂಬಿಕೆಯಿಂದ ನಡೆಯಬೇಕು. ಸಂಬಂಧ ಹೆಸರಿನಲ್ಲಿಲ್ಲ, ನಡವಳಿಕೆಯಲ್ಲಿದೆ. ನಾಮಮಾತ್ರ ಸದಸ್ಯರು ಕಾಯ್ದೆಯ ಕಣ್ಣಿಗೆ ಸದಸ್ಯರೇ ಇರಬಹುದು, ಲಾಭಾಂಶ ಲೆಕ್ಕ ಹಾಕುವ ಕೋಡಿನ ಕಣ್ಣಿಗೆ ಅಲ್ಲ. ಲಾಭಾಂಶಕ್ಕೆ ಅರ್ಹರಾದವರು ಎಂಬ ಚಿಕ್ಕ ಇಂಟರ್‌ಫೇಸನ್ನು ಮಾಡಿ, ಷೇರುದಾರ ಸದಸ್ಯರು ಮಾತ್ರ ಅದನ್ನು ಪಾಲಿಸುವಂತೆ ಮಾಡಿದ ಮೇಲೆ ವಿಚಾರಿಸುವ ಸಾಲುಗಳೆಲ್ಲ ತಾವಾಗಿಯೇ ಉದುರಿಹೋದವು. ಕೋಡ್ ಅಳಿಸುವ ಸುಖ ಬರೆಯುವ ಸುಖಕ್ಕಿಂತ ದೊಡ್ಡದು.

ಡಿಸೈನ್ ಪ್ಯಾಟರ್ನ್‌ಗಳ, ಅಂದರೆ ಪದೇ ಪದೇ ಎದುರಾಗುವ ಸಮಸ್ಯೆಗಳಿಗೆ ಹೆಸರಿಟ್ಟ ಸಿದ್ಧ ಪರಿಹಾರಗಳ ಬಗ್ಗೆ ಸಂದರ್ಶನಗಳಲ್ಲಿ ತಪ್ಪದೆ ಕೇಳುತ್ತಾರೆ, ಅದಕ್ಕಾಗಿ ಹುಡುಗರು 23 ಹೆಸರುಗಳನ್ನು ಉರುಹೊಡೆಯುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ನಾರ್ವಿಗ್ 1990ರ ದಶಕದಲ್ಲೇ ಆ 23ರಲ್ಲಿ 16 ಡೈನಾಮಿಕ್ ಭಾಷೆಗಳಲ್ಲಿ (ಮೌಲ್ಯದ ಬಗೆಯನ್ನು ಪ್ರೋಗ್ರಾಂ ಓಡುವಾಗ ನೋಡುವ ಭಾಷೆಗಳಲ್ಲಿ) ತೀರಾ ಸರಳವಾಗುತ್ತವೆ ಅಥವಾ ಕಾಣದಂತೆಯೇ ಆಗುತ್ತವೆ ಎಂದು ತೋರಿಸಿದ್ದರು. ಹೆಸರು ಗೊತ್ತಿದ್ದರೆ ಸಹೋದ್ಯೋಗಿಗಳ ಜೊತೆ ಮಾತು ಬೇಗ ಮುಗಿಯುತ್ತದೆ; ಅದಕ್ಕಿಂತ ಹೆಚ್ಚಿನ ಮಹತ್ವ ಕೊಡುವುದು ಬೇಡ.

ಡಿಪೆಂಡೆನ್ಸಿ ಇಂಜೆಕ್ಷನ್‌ಗೆ ಮಾತ್ರ ಮಹತ್ವ ಕೊಡಲೇಬೇಕು. ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ ಈ ಹೆಸರನ್ನು ಚಾಲ್ತಿಗೆ ತಂದರು. ದೊಡ್ಡ ಹೆಸರು, ಒಳಗಿರುವುದು ಸಣ್ಣ ಮಾತು: ನಿನಗೆ ಬೇಕಾದ್ದನ್ನು ನೀನೇ ಒಳಗೆ ಸೃಷ್ಟಿಸಿಕೊಳ್ಳಬೇಡ, ಕನ್‌ಸ್ಟ್ರಕ್ಟರ್ ಮೂಲಕ ಕೇಳಿ ತೆಗೆದುಕೋ. ಬಿಲ್ಲು ಸಿದ್ಧವಾದ ಮೇಲೆ ಬೆಳೆಗಾರರ ಮೊಬೈಲಿಗೆ ಎಸ್‌ಎಂಎಸ್ ಹೋಗಬೇಕು. ನಮ್ಮ ದೇಶದಲ್ಲಿ ಇಂಥ ಸಂದೇಶಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದಂತೆ ಕಳುಹಿಸುವವರ ಹೆಸರನ್ನೂ ಸಂದೇಶದ ನಮೂನೆಯನ್ನೂ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ನಮೂನೆಯ ಸಂಖ್ಯೆ, ಸೇವೆ ಕೊಡುವ ಕಂಪನಿಯ ಕೀಲಿ, ಅವರು ಕೇಳುವ ವಿಳಾಸ, ಇವೆಲ್ಲ ಹಳೆಯ ಕೋಡಿನಲ್ಲಿ ಬಿಲ್ಲು ಲೆಕ್ಕ ಹಾಕುವ ಫಂಕ್ಷನ್ನಿನ ಹೊಟ್ಟೆಯಲ್ಲೇ ಇದ್ದವು. ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಿದರೆ ಯಾರದೋ ಫೋನಿಗೆ ಸಂದೇಶ ಹೋಗುತ್ತಿತ್ತು. ನಾವು ಮಾಡಿದ ಇಂಟರ್‌ಫೇಸಿನಲ್ಲಿ ಇರುವುದು ಒಂದೇ ಮಾತು: ಈ ಬೆಳೆಗಾರರಿಗೆ ಈ ಬಿಲ್ಲಿನ ವಿಷಯ ತಿಳಿಸು. ಎಸ್‌ಎಂಎಸ್ ಎಂಬ ಶಬ್ದವೂ ಅದರಲ್ಲಿಲ್ಲ. ಇಂಟರ್‌ಫೇಸ್ ಕರೆಯುವವರ ಭಾಷೆಯಲ್ಲಿರಬೇಕು, ಕೆಲಸ ಮಾಡಿಕೊಡುವ ಕಂಪನಿಯ ಭಾಷೆಯಲ್ಲಲ್ಲ. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ಕಂಪನಿಯವರ ಪ್ಯಾರಾಮೀಟರ್‌ಗಳನ್ನೇ ಇಂಟರ್‌ಫೇಸಿಗೆ ಎತ್ತಿಕೊಂಡು ಬಂದು, ಕಂಪನಿ ಬದಲಾದಾಗ ಎಲ್ಲವನ್ನೂ ತಿದ್ದುತ್ತಾರೆ. ಪರೀಕ್ಷೆಯ ವೇಳೆ ಆ ಜಾಗದಲ್ಲಿ ಕೂರುವುದು ಒಂದು ಪುಟ್ಟ ಕ್ಲಾಸ್, ಬಂದ ಸಂದೇಶಗಳನ್ನು ಒಂದು ಅರೇಯಲ್ಲಿ ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ.

ಇಷ್ಟು ಮಾಡಿದರೂ ಸರ್ವರ್ ಇನ್ನೊಂದು ಪಾಠ ಬಾಕಿ ಇಟ್ಟಿರುತ್ತದೆ. ಬಿಲ್ಲು ಬರೆಯುವುದು ಡೇಟಾಬೇಸಿನ ಟ್ರಾನ್ಸಾಕ್ಷನ್ ಒಳಗೆ, ಅಂದರೆ ಬರೆದದ್ದೆಲ್ಲ ಉಳಿಯಬೇಕು ಇಲ್ಲವೇ ಎಲ್ಲವೂ ರದ್ದಾಗಬೇಕು ಎಂಬ ಕಟ್ಟಿನೊಳಗೆ. ಕೊನೆಯ ಹೆಜ್ಜೆಯಲ್ಲಿ ಏನೋ ತಪ್ಪಿ ಎಲ್ಲವೂ ರೋಲ್‌ಬ್ಯಾಕ್ ಆದರೆ, ಅಂದರೆ ರದ್ದಾದರೆ, ನಡುವೆ ಕಳುಹಿಸಿದ ಸಂದೇಶವನ್ನು ವಾಪಸ್ ಕರೆಯಲು ಸಾಧ್ಯವಿಲ್ಲ. ಬೆಳೆಗಾರರ ಫೋನಿನಲ್ಲಿ ಹಣ ಜಮಾ ಆಗಿದೆ ಎಂದಿರುತ್ತದೆ, ಖಾತೆಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಟ್ರಾನ್ಸಾಕ್ಷನ್ ಒಳಗೆ ಸಂದೇಶವನ್ನು ಕಳುಹಿಸುವುದಿಲ್ಲ, ಕಳುಹಿಸಬೇಕು ಎಂಬ ಒಂದು ಸಾಲನ್ನು ಅದೇ ಡೇಟಾಬೇಸಿನಲ್ಲಿ ಬರೆದಿಡುತ್ತೇವೆ. ಬಿಲ್ಲು ಉಳಿದರೆ ಆ ಸಾಲೂ ಉಳಿಯುತ್ತದೆ, ಬಿಲ್ಲು ಹೋದರೆ ಅದೂ ಹೋಗುತ್ತದೆ. ಹಿಂದೆ ಬೇರೊಂದು ಪ್ರಕ್ರಿಯೆ ಆ ಸಾಲುಗಳನ್ನು ಎತ್ತಿಕೊಂಡು ಕಳುಹಿಸುತ್ತಾ ಹೋಗುತ್ತದೆ. ನೋಡಿ, ಇಂಟರ್‌ಫೇಸ್ ಬದಲಾಗಲೇ ಇಲ್ಲ. ಬಿಲ್ಲಿನ ಕೋಡಿಗೆ ಈ ಏರ್ಪಾಡಿನ ಸುಳಿವೂ ಇಲ್ಲ. ಬಚ್ಚಿಟ್ಟದ್ದರ ಲಾಭ ಇದು.

ಕನ್‌ಸ್ಟ್ರಕ್ಟರ್‌ಗಳಿಗೆ ಬೇಕಾದ್ದನ್ನೆಲ್ಲ ತಾನೇ ಹುಡುಕಿ ಜೋಡಿಸುವ ಕಂಟೈನರ್ ಈಗ ಪಿಎಚ್‌ಪಿಯ ಫ್ರೇಮ್‌ವರ್ಕ್‌ಗಳಾದ (ಅಪ್ಲಿಕೇಶನ್ ಕಟ್ಟುವ ಸಿದ್ಧ ಚೌಕಟ್ಟುಗಳಾದ) ಲಾರಾವೆಲ್, ಸಿಂಫನಿ ಎರಡರಲ್ಲೂ ಸಿದ್ಧವಾಗಿ ಸಿಗುತ್ತದೆ. ಅದನ್ನು ಬಳಸುವ ಮೊದಲು ಒಂದು ಚಿಕ್ಕ ಅಪ್ಲಿಕೇಶನ್ನನ್ನು ಕೈಯಾರೆ ಜೋಡಿಸಿ ನೋಡಿ ಎಂಬುದು ನನ್ನ ಒತ್ತಾಯ. ಒಂದೇ ಫೈಲಿನಲ್ಲಿ, ಮೇಲಿನಿಂದ ಕೆಳಗೆ, ಯಾರು ಯಾರಿಗೆ ಬೇಕು ಎಂದು ಬರೆಯುತ್ತಾ ಹೋದರೆ ಒಂದು ಕ್ಲಾಸಿಗೆ ಒಂಬತ್ತು ಜನ ಸಹಾಯಕರು ಬೇಕಾದಾಗ ಬೆರಳಿಗೇ ನೋವು ಗೊತ್ತಾಗುತ್ತದೆ. ಕಂಟೈನರ್ ಆ ನೋವನ್ನು ಮರೆಮಾಡುತ್ತದೆ. ಇನ್ನು ಬೇರೆಯವರು ಬರೆದ ಲೈಬ್ರರಿಗಳನ್ನು ತಂದುಕೊಡುವ ಕಾಂಪೋಸರ್ ಎಂಬ ಸಲಕರಣೆ ತಂದು ಸುರಿಯುವ ವೆಂಡರ್ ಫೋಲ್ಡರ್ ಇದೆಯಲ್ಲ, ಅದನ್ನು ತೆರೆದು ಓದುವವರು ಕಡಿಮೆ. 2012ರಲ್ಲಿ ಕಾಂಪೋಸರ್ ಬಂದ ಮೇಲೆ, ಪಿಎಸ್‌ಆರ್-4ರಂಥ ಒಪ್ಪಂದಗಳಿಂದಾಗಿ ಕ್ಲಾಸ್ ಹೆಸರು ಕಂಡರೆ ಅದು ಯಾವ ಫೈಲಿನಲ್ಲಿದೆ ಎಂದು ಊಹಿಸಬಹುದು. ಪ್ರಪಂಚದ ಅತ್ಯುತ್ತಮ ಪಿಎಚ್‌ಪಿ ಕೋಡ್ ನಮ್ಮ ಡಿಸ್ಕಿನಲ್ಲೇ ಬಿದ್ದಿರುತ್ತದೆ, ಅದೂ ಉಚಿತವಾಗಿ. ಲಾಗ್ ಬರೆಯುವ ಮೊನೊಲಾಗ್ ಲೈಬ್ರರಿಯಿಂದ ಶುರುಮಾಡಿ. ಸಂದೇಶ ಬಂದಾಗ ಅದನ್ನು ಎಲ್ಲಿಗೆ ಬರೆಯಬೇಕು ಎಂಬುದನ್ನು ಹ್ಯಾಂಡ್ಲರ್‌ಗಳಿಗೂ, ಹೇಗೆ ಕಾಣಬೇಕು ಎಂಬುದನ್ನು ಫಾರ್ಮ್ಯಾಟರ್‌ಗಳಿಗೂ ಬಿಟ್ಟು ಲಾಗರ್ ಹೇಗೆ ಹಗುರವಾಗಿ ನಿಂತಿದೆ ಎಂದು ಒಂದು ಮಧ್ಯಾಹ್ನ ಓದಿದರೆ ಹಲವು ವಿಡಿಯೊ ಪಾಠಗಳಿಗಿಂತ ಹೆಚ್ಚು ದಕ್ಕುತ್ತದೆ.

ಡೇಟಾಬೇಸ್ ಮತ್ತು ಆಬ್ಜೆಕ್ಟ್‌ಗಳ ನಡುವಿನ ಜಗಳದ ಬಗ್ಗೆ ಬೇರೆಯೇ ಬರೆಯಬೇಕು. ಒಂದು ಮಾತು ಮಾತ್ರ ಇಲ್ಲಿಗೆ ಸೇರುತ್ತದೆ. ಎಲ್ಲವನ್ನೂ ಬಚ್ಚಿಡಬಾರದು. ಲಾಟ್‌ಗಳ ಪಟ್ಟಿ ತೋರಿಸುವ ಪುಟದಲ್ಲಿ ಪ್ರತಿ ಲಾಟಿನ ಬೆಳೆಗಾರರ ಹೆಸರನ್ನು ಕೋಡಿನ ಒಂದು ಬಾಣದ ಗುರುತಿನಲ್ಲಿ (->) ಕೇಳಬಹುದು, ನೋಡಲು ಸುಂದರವಾಗಿರುತ್ತದೆ. ಆದರೆ ನಲವತ್ತು ಲಾಟ್ ಇದ್ದರೆ ಹಿಂದೆ ನಲವತ್ತೊಂದು ಕ್ವೆರಿಗಳು (ಡೇಟಾಬೇಸಿಗೆ ಹಾಕುವ ಪ್ರಶ್ನೆಗಳು) ಓಡುತ್ತಿರುತ್ತವೆ: ಪಟ್ಟಿಗೆ ಒಂದು, ಪ್ರತಿ ಲಾಟಿಗೆ ಒಂದೊಂದು. ಮೆಮೊರಿಯಲ್ಲಿರುವ ಆಬ್ಜೆಕ್ಟ್ ಜೊತೆ ಮಾತನಾಡುವುದೂ ಜಾಲದಾಚೆಗಿನ ಡೇಟಾಬೇಸ್ ಜೊತೆ ಮಾತನಾಡುವುದೂ ಒಂದೇ ಎಂದು ನಟಿಸುವ ಕೋಡ್, ಗೊತ್ತಿರಬೇಕಾದ್ದನ್ನು ಗೊತ್ತಾಗದಂತೆ ಮಾಡುತ್ತದೆ. ಬೆಲೆ ಇರುವ ಕೆಲಸ ಕಣ್ಣಿಗೆ ಕಾಣುವಂತಿರಬೇಕು.

ಕೊನೆಯದಾಗಿ, ಈಗ ನಾವೆಲ್ಲ ಹೊಸದಾಗಿ ಕಲಿಯುತ್ತಿರುವ ಒಂದು ವಿಷಯ. ಪಿಎಚ್‌ಪಿಯ ಹಳೆಯ ಪದ್ಧತಿಯಲ್ಲಿ ಪ್ರತಿ ರಿಕ್ವೆಸ್ಟಿಗೂ ಎಲ್ಲ ಆಬ್ಜೆಕ್ಟ್‌ಗಳು ಹೊಸದಾಗಿ ಹುಟ್ಟಿ, ಉತ್ತರ ಹೋದ ಕೂಡಲೇ ಸಾಯುತ್ತವೆ. ಒಬ್ಬರ ರಿಕ್ವೆಸ್ಟಿನ ಮಾಹಿತಿ ಇನ್ನೊಬ್ಬರಿಗೆ ಸೋರುವ ದಾರಿಯೇ ಇರುತ್ತಿರಲಿಲ್ಲ. ಜಾವಾದವರಿಗೆ ಈ ರಕ್ಷಣೆ ಎಂದೂ ಇರಲಿಲ್ಲ. ರಿಕ್ವೆಸ್ಟಿಗೆ ಉತ್ತರಿಸುವ ಒಂದು ಸರ್ವ್‌ಲೆಟ್ ಆಬ್ಜೆಕ್ಟ್ ಸಾವಿರಾರು ರಿಕ್ವೆಸ್ಟ್‌ಗಳಿಗೆ, ಅನೇಕ ಥ್ರೆಡ್‌ಗಳಲ್ಲಿ (ಏಕಕಾಲಕ್ಕೆ ಓಡುವ ಎಳೆಗಳಲ್ಲಿ) ಒಟ್ಟಿಗೆ ಉತ್ತರಿಸುತ್ತದೆ. ಬಳಕೆದಾರರ ಹೆಸರನ್ನು ಅದರ ಫೀಲ್ಡ್‌ನಲ್ಲಿ (ಆಬ್ಜೆಕ್ಟಿನೊಳಗೆ ಮಾಹಿತಿ ಇಡುವ ಜಾಗದಲ್ಲಿ) ಇಟ್ಟರೆ ಪಕ್ಕದವರ ಪುಟದಲ್ಲಿ ಕಾಣಿಸಿಕೊಳ್ಳಬಹುದು. ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್ ನೋಡಿಕೊಳ್ಳುವ ಆಬ್ಜೆಕ್ಟ್‌ಗಳಾದ ಬೀನ್‌ಗಳೂ ಬೇರೆ ಹೇಳದಿದ್ದರೆ ಒಂದೇ ಪ್ರತಿ. ಆದ್ದರಿಂದ ಅವರು ಮೊದಲಿನಿಂದಲೂ ಎಚ್ಚರಿಕೆ ಕಲಿತರು. ಈಗ ಸ್ವೂಲ್, ರೋಡ್‌ರನ್ನರ್, ಫ್ರಾಂಕೆನ್‌ಪಿಎಚ್‌ಪಿ, ಲಾರಾವೆಲ್ ಆಕ್ಟೇನ್ ಎಂಬ ಪಿಎಚ್‌ಪಿ ಸಲಕರಣೆಗಳು ಬಂದಿವೆ. ಅಪ್ಲಿಕೇಶನ್ ಒಮ್ಮೆ ಮೇಲೆದ್ದರೆ ಮೆಮೊರಿಯಲ್ಲೇ ಉಳಿದು ರಿಕ್ವೆಸ್ಟ್ ಮೇಲೆ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಪ್ರತಿ ಸಲ ಫ್ರೇಮ್‌ವರ್ಕ್ ಎಬ್ಬಿಸುವ ಖರ್ಚು ಉಳಿಯುತ್ತದೆ, ವೇಗ ಹೆಚ್ಚುತ್ತದೆ. ಜೊತೆಗೆ, ಇಷ್ಟು ವರ್ಷ ತಾನಾಗಿಯೇ ಆಗುತ್ತಿದ್ದ ಶುದ್ಧೀಕರಣ ನಿಂತುಹೋಗುತ್ತದೆ. ಇಡೀ ಕ್ಲಾಸಿಗೆ ಒಂದೇ ಪ್ರತಿ ಇರುವ ಸ್ಟ್ಯಾಟಿಕ್ ಪ್ರಾಪರ್ಟಿಯಲ್ಲಿ ಈಗ ಲಾಗಿನ್ ಆಗಿರುವ ಸದಸ್ಯರು ಯಾರು ಎಂದು ಇಟ್ಟಿದ್ದ ಹಳೆಯ ಕೋಡ್ ಅಲ್ಲಿ ಅಪಾಯಕಾರಿ: ಮುಂದಿನ ರಿಕ್ವೆಸ್ಟ್ ಬಂದಾಗಲೂ ಆ ಹೆಸರು ಅಲ್ಲೇ ಕುಳಿತಿರುತ್ತದೆ.

ನಮ್ಮ ತಂಡದಲ್ಲಿ ಈಗ ಇದಕ್ಕೆ ಒಂದು ಸರಳ ನಿಯಮವಿದೆ. ಸೇವೆ ಮಾಡುವ ಆಬ್ಜೆಕ್ಟ್‌ಗಳು, ಅಂದರೆ ಬಿಲ್ಲು ತಯಾರಿಸುವುದು, ಸಂದೇಶ ತಿಳಿಸುವುದು, ಲಾಭಾಂಶ ಲೆಕ್ಕ ಹಾಕುವುದು, ಇವುಗಳ ಫೀಲ್ಡ್‌ಗಳೆಲ್ಲ ರೀಡ್‌ಓನ್ಲಿ. ಅವುಗಳಲ್ಲಿ ಸಹಾಯಕರು ಮಾತ್ರ ಇರುತ್ತಾರೆ, ಯಾವ ಬೆಳೆಗಾರರ ಮಾಹಿತಿಯೂ ಇರುವುದಿಲ್ಲ. ಯಾರ ಬಿಲ್ಲು, ಯಾವ ಲಾಟ್, ಯಾರು ಲಾಗಿನ್ ಆಗಿದ್ದಾರೆ ಎಂಬುದೆಲ್ಲ ಮೆಥಡ್‌ನ ಪ್ಯಾರಾಮೀಟರ್ ಆಗಿ ಬಂದು, ಕೆಲಸ ಮುಗಿದ ಮೇಲೆ ಹೋಗಬೇಕು. ಹೊಸ ಕೋಡ್ ಒಳಗೆ ಬರುವ ಮೊದಲು ನಾವು ನೋಡುವ ಮೊದಲ ವಿಷಯ ಇದು. ಅದೇ ಹುಡುಗಿ ಈಗ ಆ ಪರಿಶೀಲನೆಯ ಹೊಣೆ ಹೊತ್ತಿದ್ದಾಳೆ, ಹಿಂದಿನ ವಾರ ನನ್ನ ಒಂದು ಕ್ಯಾಶ್ (ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವ) ಕ್ಲಾಸನ್ನು ತಿರುಗಿ ಕಳುಹಿಸುತ್ತಾ, "ಈ ಕ್ಯಾಶ್‌ಗೆ ಸದಸ್ಯರ ಸಂಖ್ಯೆ ಯಾಕೆ ಗೊತ್ತಿರಬೇಕು ಸರ್?" ಎಂದು ಕೇಳಿದ್ದಾಳೆ. ಅದಕ್ಕೆ ನಾನು ಕೊಟ್ಟ ಕಾರಣವನ್ನು ಅವಳು ಒಪ್ಪಿಲ್ಲ, ಚರ್ಚೆ ಇನ್ನೂ ನಡೆಯುತ್ತಿದೆ.